ಎಮ್ಮೆದೊಡ್ಡಿಯ ಮೊದಲ ಸರದಿ

ಬೀರೂರು ರೈಲು ನಿಲ್ದಾಣ
7 ಮೇ 2025

ಅತ್ತಿಗೆ,

ಹೇಳಿ ಹೊರಡಲು ಆಗಲಿಲ್ಲ. ನೀವು ಗ್ರಂಥಾಲಯದ ಬಾಗಿಲು ಹಾಕಿ ಬರುವಷ್ಟರಲ್ಲಿ ಅಣ್ಣ ಬೈಕ್ ಹೊರಗೆ ತೆಗೆದಾಗಿತ್ತು. ಎರಡು ತಿಂಗಳ ರಜೆಯಲ್ಲಿ ಐದು ದಿನ ಮುಗಿದಿತ್ತು, ಅಷ್ಟರಲ್ಲಿ ಯೂನಿಟ್‌ನಿಂದ ಫೋನ್ ಬಂತು, ಸಿಕ್ಕ ರೈಲು ಹತ್ತಿ ಬಾ ಅಂತ. ಕಾರಣ ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಅವ್ವನಿಗೆ ಮಾತ್ರ ‘ಟ್ರೈನಿಂಗ್’ ಅಂದಿದ್ದೇನೆ. ಅವಳು ನಂಬಿದ ಹಾಗೆ ಮಾಡಿದಳು.

ನಿಮ್ಮಿಂದ ಒಂದು ಕೆಲಸ ಆಗಬೇಕು. ಶುಕ್ರವಾರ ಕಡೂರಿನಲ್ಲಿ ಕಬಡ್ಡಿ ಲೀಗ್‌ಗೆ ಆಟಗಾರರ ಆಯ್ಕೆ ಇದೆ. ಆರು ತಂಡದವರು ಸರದಿಯ ಮೇಲೆ ಪಟ್ಟಿಯಿಂದ ಒಬ್ಬೊಬ್ಬರನ್ನು ಕರೆಯುತ್ತಾರೆ. ಹಿಂದಿನ ವರ್ಷ ಕೊನೆಗೆ ನಿಂತವರಿಗೆ ಮೊದಲ ಸರದಿ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಯಾರಾದರೂ ನನ್ನನ್ನು ಕರೆದರೆ ಅವರ ಸರದಿ ಹಾಳು, ಯಾಕೆಂದರೆ ಕರೆದವನು ಬರಲಿಲ್ಲ ಅಂತ ಪಟ್ಟಿಯಿಂದ ಇನ್ನೊಬ್ಬನನ್ನು ಕೊಡುವ ಪದ್ಧತಿ ಇಲ್ಲ. ಇದರ ಜೊತೆ ಇಟ್ಟಿರುವ ಚೀಟಿಯನ್ನು ಲೀಗ್ ನಡೆಸುವ ಸುರೇಶ್ ಮೇಷ್ಟ್ರ ಕೈಗೆ ಕೊಡಿ. ಹೆಸರು ತೆಗೆದುಹಾಕಿ ಎಂದು ಬರೆದಿದ್ದೇನೆ. ಅವರು ಫೋನ್ ಎತ್ತುತ್ತಿಲ್ಲ, ಎತ್ತಿದರೂ ಬರವಣಿಗೆಯಲ್ಲಿ ಇಲ್ಲದ್ದನ್ನು ಒಪ್ಪುವವರಲ್ಲ. ಇದನ್ನು ತರುವ ಅಣ್ಣನಿಗೇ ಹೇಳಿದರೆ ಮರೆಯುತ್ತಾನೆ. ನಿಮಗೆ ಹೇಳಿದರೆ ಆದ ಹಾಗೆ.

ಅಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಸೇನೆಯ ಅಂಚೆ ವಿಳಾಸ, 56 ಎ.ಪಿ.ಒ., ಹಿಂದೆ ಬರೆದಿದ್ದೇನೆ. ರೈಲು ಬಂತು.

ನಿಮ್ಮ ಮೈದುನ,
ತೀರ್ಥೇಶ್


ದೇವನೂರು
10 ಮೇ 2025

ತೀರ್ಥೇಶ್,

ಹೇಗಿದ್ದೀಯ ಎಂದು ಕೇಳಿದರೆ ಉತ್ತರ ಬರಲು ಹತ್ತು ದಿನ ಬೇಕು. ಆದ್ದರಿಂದ ಕೇಳದೆ, ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಚೀಟಿ ಕೊಟ್ಟೆ. ಕೊಡುವಷ್ಟರಲ್ಲಿ ಎಮ್ಮೆದೊಡ್ಡಿಯವರು ನಿನ್ನನ್ನು ಕರೆದಾಗಿತ್ತು.

ನಿನ್ನೆ ಆಯ್ಕೆ ನಡೆಸುವುದೋ ಬೇಡವೋ ಎಂದೇ ಅರ್ಧ ಗಂಟೆ ಮಾತಾಯಿತು. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲ ಮೊಬೈಲ್‌ನಲ್ಲೂ ಯುದ್ಧದ ಸುದ್ದಿ. ಕೊನೆಗೆ ಸುರೇಶ್ ಮೇಷ್ಟ್ರು, “ಜೇಬಿಗೆ ಹಾಕ್ಕಳ್ರಪ್ಪ ಅದನ್ನ. ನೀವು ನೋಡ್ತಿದೀರಿ ಅಂತ ಅದೇನು ಬೇಗ ಮುಗಿಯಲ್ಲ” ಅಂದರು. ನಾನು ಕೊನೆಯ ಸಾಲಿನಲ್ಲಿ ಕೂತು, ಅವರು ಬಿಡುವಾಗಲಿ ಎಂದು ಕಾಯುತ್ತಿದ್ದೆ. ಅದೇ ತಪ್ಪಾಯಿತು.

ಮೊದಲ ಸರದಿ ಎಮ್ಮೆದೊಡ್ಡಿಗೆ. ಅವರ ನಾಯಕ ಸಣ್ಣಬೀರಪ್ಪ ಎದ್ದು ನಿಂತರು. ಎಲ್ಲರೂ ಅಜ್ಜಂಪುರದ ಚಂದ್ರಕುಮಾರನ ಕಡೆ ನೋಡುತ್ತಿದ್ದರು, ಅವನೂ ಅಂಗಿ ಸರಿಮಾಡಿಕೊಂಡು ಅರ್ಧ ಎದ್ದಿದ್ದ. ಸಣ್ಣಬೀರಪ್ಪ, “ದೇವನೂರು ತೀರ್ಥೇಶ್” ಅಂದರು.

ನಿನಗೆ ಗೊತ್ತಿರುವ ಪದ್ಧತಿಯೇ. ಕರೆದವರು ತೆಂಗಿನಕಾಯಿ ಕೊಡಬೇಕು, ಆಟಗಾರ ತೆಗೆದುಕೊಳ್ಳಬೇಕು. ಅವನಿಲ್ಲದಿದ್ದರೆ ಅವನ ಮನೆಯವರು. ಕಾಯಿ ಕೈ ಬದಲಾದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ನಾನು ಚೀಟಿ ಹಿಡಿದುಕೊಂಡು ಗಡಬಡಿಸಿ ಎದ್ದೆ. ನಾನು ಕಾಯಿ ತೆಗೆದುಕೊಳ್ಳಲು ಎದ್ದೆ ಎಂದುಕೊಂಡು ಅವರು ನಾಲ್ಕು ಹೆಜ್ಜೆಗೆ ನನ್ನ ಮುಂದೆ ಬಂದು, “ತಗಳ್ರಮ್ಮ” ಅಂದರು. ಬಲಗೈಯಲ್ಲಿ ಚೀಟಿ. ಎಡಗೈ ತನ್ನಷ್ಟಕ್ಕೆ ಸೆರಗು ಒಡ್ಡಿತು. ಯಾರಾದರೂ ಕಾಯಿ ಹಿಡಿದು ಎದುರಿಗೆ ಬಂದರೆ ಸೆರಗು ಒಡ್ಡುವುದು ಬಿಟ್ಟು ಬೇರೆ ಏನು ಮಾಡಬೇಕೆಂದು ಈ ಊರುಗಳ ಯಾವ ಹೆಣ್ಣಿಗೂ ಯಾರೂ ಹೇಳಿಕೊಟ್ಟಿಲ್ಲ.

ಸುರೇಶ್ ಮೇಷ್ಟ್ರು ಚೀಟಿ ಓದಿ ಕನ್ನಡಕ ತೆಗೆದರು. “ಮೇಡಂ, ಒಂದು ನಿಮಿಷ ಮುಂಚೆ ಕೊಡಬಾರದಿತ್ತಾ? ಈಗ ಕಾಯಿ ಬಿತ್ತಲ್ಲ.” ಹಿಂದಿನಿಂದ ಯಾರೋ, “ಗಡೀಲಿ ಇರೋನ್ನ ಕರ್ಕಂಡವ್ರೆ, ಎಮ್ಮೆದೊಡ್ಡಿ ಈ ಸಲಾನೂ ಕೊನೇನೆ ಬಿಡಿ” ಅಂದರು. ಎಲ್ಲರೂ ನಕ್ಕರು. ಎರಡನೇ ಸರದಿಯ ಅಮೃತಾಪುರದವರು ಚಂದ್ರಕುಮಾರನನ್ನು ಕರೆದುಕೊಂಡರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಚೆನ್ನಾಗಿ ಬಲಿತದೆ” ಎಂದು ನನ್ನ ಮಾತು ಮುಗಿಯುವ ಮೊದಲೇ ಚಟ್ನಿಗೆ ಒಡೆದರು. ಹಿಂದಿರುಗಿಸುವ ದಾರಿಯೂ ಹೋಯಿತು.

ಬೈಯುವುದಿದ್ದರೆ ಬೈದು ಬರೆ. ಆದರೆ ಬರೆ.

ಅನುಪಮಾ


56 ಎ.ಪಿ.ಒ.
14 ಮೇ 2025

ಅತ್ತಿಗೆ,

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಚೀಟಿ ಕೊಟ್ಟಿರುತ್ತೀರಿ ಎಂದು ಗೊತ್ತು. ಅದೊಂದು ನಿರಾಳ. ಗುಂಡು ನಿಂತಿದೆ ಎಂದು ರೇಡಿಯೋದಲ್ಲಿ ಹೇಳಿದರು. ನಾವು ಮಾತ್ರ ಇರುವಲ್ಲೇ ಇದ್ದೇವೆ.

ಇಲ್ಲಿ ಯಾರೂ ಮುಂದಿನ ತಿಂಗಳ ಮಾತು ಆಡುವುದಿಲ್ಲ. ಯಾರೂ ಹಾಗೆ ಹೇಳಿಕೊಟ್ಟಿಲ್ಲ, ತಾನಾಗಿ ಬಂದುಬಿಡುತ್ತದೆ. ಊಟ, ಕಾವಲು, ಕಾಲುಚೀಲ ಒಣಗಿಸುವುದು, ಇಷ್ಟೇ ಮಾತು. ಪಟ್ಟಿಯಿಂದ ನನ್ನ ಹೆಸರು ಹೋಗಿದೆ ಎಂದರೆ ನನ್ನ ಮೇಲೆ ಯಾರ ಭಾರವೂ ಇಲ್ಲ ಎಂದ ಹಾಗೆ.

ಎಮ್ಮೆದೊಡ್ಡಿಯವರು ಚಂದ್ರಕುಮಾರನನ್ನು ಕರೆದಿರಬೇಕು. ಒಳ್ಳೆಯದಾಯಿತು. ಪಾಪ, ಆರು ವರ್ಷದಲ್ಲಿ ಒಂದೇ ಒಂದು ಆಟ ಗೆದ್ದವರು.

ತೀರ್ಥೇಶ್


56 ಎ.ಪಿ.ಒ.
22 ಮೇ 2025

ಅತ್ತಿಗೆ,

ಬೈದು ಬರೆ ಅಂದಿದ್ದೀರಿ. ಬರೆಯುತ್ತಿದ್ದೇನೆ.

ನಿಮ್ಮ ಕೈಗೆ ಕೊಟ್ಟದ್ದು ಒಂದೇ ಕೆಲಸ. ಇಡೀ ಪಂಚಾಯಿತಿ ಅರ್ಜಿ ಬರೆಸಲು ನಿಮ್ಮ ಹತ್ತಿರ ಬರುತ್ತದೆ, ನನ್ನ ಎರಡು ಸಾಲಿನ ಚೀಟಿ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಆ ಜನ ವರ್ಷವಿಡೀ ಕಾಯುವುದು ಆ ಒಂದು ಸರದಿಗೆ. ಅದನ್ನು ಇಲ್ಲದವನ ಮೇಲೆ ಕಳೆದುಕೊಂಡರು. ನಾನು ಯಾವಾಗ ಬರುತ್ತೇನೋ ನನಗೇ ಗೊತ್ತಿಲ್ಲ. ಬರುತ್ತೇನೆಯೇ ಎನ್ನುವುದೂ ಗೊತ್ತಿಲ್ಲ. ಇದನ್ನು ಬರೆಯಬಾರದಿತ್ತು, ಬರೆದಾಯಿತು.

ಎಮ್ಮೆದೊಡ್ಡಿಗೆ ಹೋಗಿ ಸಣ್ಣಬೀರಪ್ಪನವರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಿ. ಅಷ್ಟಾದರೂ ಮಾಡಿ.

ತೀರ್ಥೇಶ್


ದೇವನೂರು
4 ಜೂನ್ 2025

ತೀರ್ಥೇಶ್,

ನಿನ್ನ ಕೋಪದ ಕಾಗದ ಶನಿವಾರ ಬಂತು. ಅಕ್ಷರ ದಪ್ಪವಾಗಿ, ಗಟ್ಟಿಯಾಗಿ ಇತ್ತು. ಕೈ ನಡುಗಿಲ್ಲ ಎಂದು ಸಂತೋಷಪಟ್ಟೆ.

ನಿನ್ನೆ ಎಮ್ಮೆದೊಡ್ಡಿಗೆ ಹೋಗಿದ್ದೆ. ಅದಕ್ಕೆ ಮುಂಚೆ ನಡೆದದ್ದೂ ಹೇಳಬೇಕು. ಸುರೇಶ್ ಮೇಷ್ಟ್ರು ಒಂದು ತೀರ್ಮಾನ ಮಾಡಿದ್ದಾರೆ. ಪ್ರತಿ ಆಟಕ್ಕೆ ಮುಂಚೆ ಏಳು ಜನರ ಹೆಸರು ಕೂಗುವಾಗ ನಿನ್ನ ಹೆಸರಿಗೆ ಉತ್ತರ ಬರದಿದ್ದರೆ ಆ ಜಾಗ ಖಾಲಿ, ಎಮ್ಮೆದೊಡ್ಡಿ ಆರೇ ಜನ ಆಡಬೇಕು. ಕಾಯಿ ಪಡೆದವರು ಬಂದು ಸಾಲಿನಲ್ಲಿ ನಿಂತು ಉತ್ತರ ಕೊಟ್ಟರೆ ಎಮ್ಮೆದೊಡ್ಡಿಯವನೇ ಒಬ್ಬ ನಿನ್ನ ಬದಲಿಗೆ ಆಡಬಹುದು. ಕಾಯಿ ಪಡೆದವಳು ನಾನು.

ಹೀಗಾಗಿ ಮೇ ಇಪ್ಪತ್ತೈದರ ಭಾನುವಾರ ತರೀಕೆರೆಯ ಮೈದಾನದಲ್ಲಿ, ಚಡ್ಡಿ ಬನಿಯನ್ನಿನ ಆರು ಗಂಡಸರ ಪಕ್ಕ, ನಲವತ್ತೆಂಟು ವರ್ಷದ ನಾನು ಕಾಟನ್ ಸೀರೆಯಲ್ಲಿ ಏಳನೆಯವಳಾಗಿ ನಿಂತೆ. ನಿಮ್ಮಣ್ಣ ಬಸ್ ಸ್ಟ್ಯಾಂಡಿನಿಂದ ಮುಂದೆ ಬರಲೇ ಇಲ್ಲ, ನಾಚಿಕೆಯಂತೆ. ಮೇಷ್ಟ್ರು “ತೀರ್ಥೇಶ್” ಅಂದರು. “ಮನೆಯವರು ಬಂದಿದ್ದೀವಿ” ಎನ್ನಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಬಾಯಿಗೆ ಬಂದದ್ದು “ಇದ್ದಾನೆ”. ಯಾರೋ, “ಎತ್ತರ ವಸಿ ಕಮ್ಮಿಯಾದಂಗದೆ ತೀರ್ಥೇಶ” ಅಂದ. ನನಗೂ ನಗು ಬಂತು.

ನಿನ್ನ ಬದಲಿಗೆ ಆಡುತ್ತಿರುವವರು ಅಂಜಿನಪ್ಪ. ಅವರಿಗೆ ನಲವತ್ತೆರಡು. ರೈಡ್‌ಗೆ ಹೋಗುತ್ತಾರೆ, ಎಲ್ಲರನ್ನೂ ಒಮ್ಮೆ ನೋಡುತ್ತಾರೆ, ಬರುತ್ತಾರೆ. ತರೀಕೆರೆ ಮೇಲೆ ಹತ್ತೊಂಬತ್ತು ಪಾಯಿಂಟಿನಲ್ಲಿ, ಅಜ್ಜಂಪುರದ ಮೇಲೆ ಹನ್ನೊಂದರಲ್ಲಿ ಸೋತೆವು. ‘ಸೋತೆವು’ ಎಂದು ಬರೆದಿದ್ದೇನೆ, ಹಾಗೇ ಇರಲಿ.

ಇನ್ನು ನಿನ್ನೆಯದು. ಸಣ್ಣಬೀರಪ್ಪ ಕಾವಲಿನಲ್ಲಿ ದನ ಮೇಯಿಸಿ ಆಗ ತಾನೇ ಬಂದು ಜಗಲಿಯ ಮೇಲೆ ಕಾಲು ಒತ್ತಿಕೊಳ್ಳುತ್ತ ಕೂತಿದ್ದರು. ನಾನು ಕ್ಷಮೆಯ ಮಾತು ಎತ್ತಿದ ಕೂಡಲೇ ತಡೆದರು.

“ತೆಪ್ಪು ಯಾರ್ದಮ್ಮ? ನಂಗೊತ್ತಿತ್ತು. ಅವತ್ತು ಬೆಳಿಗ್ಗೇನೇ ಕಡೂರ್ ಬಸ್ ಸ್ಟ್ಯಾಂಡಲ್ಲಿ ಸುದ್ದಿ ಸಿಕ್ತು, ಅವನು ಹೊಂಟೋದ ಅಂತ.”

“ಗೊತ್ತಿದ್ದೂ ಕರೆದ್ರಾ?”

“ನಾವು ಏಳು ಜನ ಇದ್ರೂ ಸೋಲ್ತೀವಿ, ಆರು ಜನ ಇದ್ರೂ ಸೋಲ್ತೀವಿ. ಅದ್ರಾಗೇನು.” ಇನ್ನೊಂದು ಕಾಲು ಒತ್ತಿಕೊಳ್ಳುತ್ತ ಅವರೇ ಹೇಳಿದರು. “ಎರಡು ವರ್ಷದ ಹಿಂದೆ ನಿಮ್ಮೂರ ಮೇಲೆ ಆಡ್ತಿದ್ವಿ. ಕೊನೇ ರೈಡು, ಅವನೇ ಬಂದಿದ್ದ. ಹಿಮ್ಮಡಿ ಪಕ್ಕದ ಗೆರೆ ದಾಟ್ತಂತೆ. ಅಂಪೈರ್ ನೋಡ್ಲಿಲ್ಲ, ನಾವೂ ನೋಡ್ಲಿಲ್ಲ. ಅವನೇ ಕೈ ಎತ್ತಿ ಔಟು ಅಂತ ಹೊರಗೋದ. ಒಂದು ಪಾಯಿಂಟಲ್ಲಿ ಗೆದ್ವಿ. ಆರು ವರ್ಷಕ್ಕೆ ಅದೊಂದೇ. ಅವತ್ತೇ ಅನ್ಕಂಡೆ, ಇವನು ನಮ್ಮ ಕಡೆ ಒಂದು ವರ್ಷ ಆಡ್ಲಿ ಅಂತ. ಹೋದ ವರ್ಷ ರಜಾ ಸಿಗ್ದೆ ಪಟ್ಟೀಲೇ ಇರ್ಲಿಲ್ಲ. ಈ ವರ್ಷ ಇದ್ದ. ಯುದ್ಧಕ್ಕೆ ಹೋದ ಅಂತ ಇನ್ನೊಬ್ಬನ್ನ ಕರೆದ್ರೆ, ನಾಳೆ ಬಂದಾಗ ಅವನ ಮಖ ಹೆಂಗ್ ನೋಡ್ಲಿ? ಬತ್ತಾನೆ ಅಂತ ಕರೆದೆ. ಮಜ್ಜಿಗೆ ಕುಡೀರಿ.”

ಕುಡಿದೆ. ಕ್ಷಮೆಯ ಮಾತು ಅಲ್ಲಿಗೇ ಮುಗಿಯಿತು.

ಅನುಪಮಾ


ದೇವನೂರು
16 ಜೂನ್ 2025

ತೀರ್ಥೇಶ್,

ಮೇ ಇಪ್ಪತ್ತೆರಡರ ನಂತರ ನಿನ್ನ ಕಾಗದವಿಲ್ಲ. ಅಂಚೆಯಣ್ಣ ಈಗ ನಮ್ಮ ಮನೆಯ ಮುಂದೆ ಸೈಕಲ್ ನಿಧಾನ ಮಾಡುವುದಿಲ್ಲ, ಜೋರಾಗಿ ತುಳಿದು ಹೋಗುತ್ತಾನೆ. ಅತ್ತೆ ಕೇಳುವುದೂ ಇಲ್ಲ. ‘ಟ್ರೈನಿಂಗ್’ ಎಂದು ಮೊನ್ನೆ ಪಕ್ಕದ ಮನೆಯವರಿಗೆ ಅವರೇ ಹೇಳುತ್ತಿದ್ದರು.

ಎಂಟನೇ ತಾರೀಖು ಅಮೃತಾಪುರದ ಮೇಲೆ ಸೋತೆವು. ಚಂದ್ರಕುಮಾರ ಒಬ್ಬನೇ ಹದಿಮೂರು ತೆಗೆದ. ಆದರೆ ನಿನ್ನೆ ಗೆದ್ದೆವು, ಅದೂ ದೇವನೂರಿನ ಮೇಲೆ. ನಮ್ಮೂರಿನ ಮೇಲೆ, ಎದುರು ಸಾಲಿನಲ್ಲಿ ನಿಂತು. ನಿಮ್ಮಣ್ಣ ನಿನ್ನೆಯಿಂದ ನನ್ನನ್ನು ಚಹಾ ಕೇಳುತ್ತಿಲ್ಲ, ತಾವೇ ಮಾಡಿಕೊಳ್ಳುತ್ತಿದ್ದಾರೆ. ನಾಲ್ಕು ದಿನ ಹೀಗೇ ನಡೆಯಲಿ ಎಂದು ನಾನೂ ಸುಮ್ಮನಿದ್ದೇನೆ.

ಒಂದು ಮಾತನ್ನು ಮೊದಲನೇ ಕಾಗದದಲ್ಲಿ ಪೂರ್ತಿ ನಿಜವಾಗಿ ಬರೆದಿರಲಿಲ್ಲ. ಸೆರಗು ಒಡ್ಡಿದ್ದು ರೂಢಿಯಿಂದಲೇ. ಆದರೆ ಕಾಯಿ ಹಾಕುವ ಮುಂಚೆ ಸಣ್ಣಬೀರಪ್ಪ ನನ್ನ ಕೈಯಲ್ಲಿದ್ದ ಚೀಟಿ ನೋಡಿ ಒಂದು ಗಳಿಗೆ ತಡೆದರು. ಆಗ ಸೆರಗು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಆ ಚೀಟಿಯನ್ನು ಮೂರು ಸಲ ಓದಿದ್ದೆ. ‘ನನ್ನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಬೇಕಾಗಿ ಕೋರುತ್ತೇನೆ.’ ಇಷ್ಟು ವರ್ಷ ಪುಸ್ತಕದ ಸಾಲುಗಳ ಜೊತೆಗೇ ಬದುಕಿದವಳಿಗೆ ಆ ಒಂದು ಸಾಲನ್ನು ಇನ್ನೊಬ್ಬರ ಕೈಗೆ ಕೊಡಲು ಆಗಲಿಲ್ಲ. ನಿನ್ನನ್ನು ಕಾಯುವವರು ಈ ಮನೆಯ ನಾವು ಮೂವರೇ ಆದರೆ ಸಾಲದು ಅನ್ನಿಸಿತು. ಇನ್ನೂ ಒಂದು ಊರು ಬೇಕಿತ್ತು.

ಅವರ ಸರದಿಯನ್ನು ನನ್ನ ಅಂಜಿಕೆಗೆ ಬಳಸಿಕೊಂಡೆ. ಇದಕ್ಕೆ ಮತ್ತೆ ಬೈದರೆ ಒಪ್ಪುತ್ತೇನೆ.

ಅನುಪಮಾ


ಎಮ್ಮೆದೊಡ್ಡಿ
18 ಜೂನ್ 2025

ತೀರ್ಥೇಶಪ್ಪನಿಗೆ ಸಣ್ಣಬೀರಪ್ಪ ಬರೆಸುವುದು. ಬರೀತಿರೋಳು ನನ್ನ ಮಗಳು ನಯನ. ನಾನು ಹೇಳಿದಂಗೇ ಬರಿ ಅಂದಿದೀನಿ, ತಿದ್ದಿದ್ರೆ ಗೊತ್ತಾಗ್ತದೆ.

ನಿಂಗೆ ಕೋಪ ಬಂದದೆ ಅಂತ ನಿಮ್ಮತ್ತಿಗೆ ಹೇಳಿದ್ರು. ಕೋಪ ಮಾಡ್ಕಣಕ್ಕೆ ನೀನ್ಯಾರು? ಸರದಿ ನಮ್ದು. ಭಾನುವಾರ ನಿಮ್ಮೂರನ್ನ ಸೋಲಿಸಿದ್ವಿ. ಕೊನೇಗೆ ಅಂಜಿನಪ್ಪ ಹೋಗಿ ಒಬ್ಬನ್ನ ಮುಟ್ಟಿ ಬಂದ, ಹೆಂಗ್ ಮುಟ್ದೆ ಅಂದ್ರೆ ಕಾಲು ಜಾರ್ತು ಅಂತಾನೆ.

ನಿಮ್ಮತ್ತಿಗೆ ಸಾಲಲ್ಲಿ ನಿಂತ ಮೇಲೆ ನಮ್ಮ ಹೆಂಗಸ್ರೂ ಆಟಕ್ಕೆ ಬತ್ತಾವ್ರೆ. ಮುಂಚೆ ಸೋತ್ರೆ ಕೇಳೋರಿರ್ಲಿಲ್ಲ, ಈಗ ಮನೇಗ್ ಬಂದು ಬೈಸ್ಕಬೇಕು. ಅದ್ಕೇ ವಸಿ ಚೆನ್ನಾಗಿ ಆಡ್ತಿದೀವಿ.

ನೀನು ಯಾವಾಗ ಬಂದ್ರೂ ಸರಿ. ಆಟ ಮುಗಿದಿದ್ರೂ ಬಾ.

(ಅಪ್ಪ ಹೇಳದ ಒಂದು ಮಾತು ನಾನು ಸೇರಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಪೇಪರ್ ಓದಿಸುತ್ತಾರೆ. ಗಡಿಯ ಸುದ್ದಿ ಮಾತ್ರ. ನಯನ.)


56 ಎ.ಪಿ.ಒ.
27 ಜೂನ್ 2025

ಅತ್ತಿಗೆ,

ನಾವಿದ್ದ ಜಾಗ ಬದಲಾಯಿತು. ಅಂಚೆ ನಮ್ಮನ್ನು ಹುಡುಕಿಕೊಂಡು ಬರಲು ಇಷ್ಟು ದಿನ ಬೇಕಾಯಿತು. ನಿಮ್ಮ ಎರಡು ಕಾಗದ, ಸಣ್ಣಬೀರಪ್ಪನವರದೊಂದು, ಮೂರೂ ಇವತ್ತೇ ಕೈಗೆ ಬಂದವು. ಜೂನ್ ಮೊದಲ ವಾರ ಇಲ್ಲಿ ಒಂದು ಸಂಗತಿ ನಡೆಯಿತು. ಬಂದಾಗ ಹೇಳುತ್ತೇನೆ, ಇಲ್ಲವೇ ಹೇಳುವುದಿಲ್ಲ. ಈಗ ಪೂರ್ತಿ ಆರಾಮಾಗಿದ್ದೇನೆ, ಇದು ಅವ್ವನಿಗೆ ಹೇಳುವ ಆರಾಮಲ್ಲ, ನಿಜವಾದದ್ದು.

ನೀವು ಸಾಲಿನಲ್ಲಿ ನಿಂತದ್ದನ್ನು ಓದಿ ಜೋರಾಗಿ ನಕ್ಕೆ. ಜೊತೆಯವರು ಏನೆಂದು ಕೇಳಿದರು. ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಒಬ್ಬ ಹರಿಯಾಣದವನು, ಕಬಡ್ಡಿ ಬಲ್ಲವನು, ನಗಲಿಲ್ಲ. “ನಿನ್ನ ತಂಡಕ್ಕೆ ಮುಂದಿನ ಆಟ ಯಾವಾಗ?” ಎಂದು ಕೇಳಿದ. ಇಲ್ಲಿಗೆ ಬಂದ ಮೇಲೆ ಮುಂದಿನ ದಿನದ ಬಗ್ಗೆ ಒಬ್ಬರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಿಮ್ಮ ಅಂಜಿಕೆಗೆ ಬೈಯುವುದಿಲ್ಲ. ಆ ಚೀಟಿ ಬರೆಯುವಾಗ ನನಗೂ ಆ ಸಾಲು ಚೆನ್ನಾಗಿ ಕಾಣಲಿಲ್ಲ. ಬೇರೆ ಹೇಗೆ ಬರೆಯಬೇಕೆಂದು ಗೊತ್ತಾಗಲಿಲ್ಲ. ಮೇ ಇಪ್ಪತ್ತೆರಡರ ಕಾಗದ ಹರಿದುಹಾಕಿ.

ರಜೆಗೆ ಹೆಸರು ಬರೆಸಿದ್ದೇನೆ.

ತೀರ್ಥೇಶ್


ದೇವನೂರು
8 ಜುಲೈ 2025

ತೀರ್ಥೇಶ್,

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಕೇಳಿಸಿಕೊಂಡು ಎದ್ದು ಹೋಗಿ ಹಿತ್ತಿಲಲ್ಲಿ ಬಟ್ಟೆ ಒಗೆದರು. ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆದರು.

ಲೀಗ್ ಮುಗಿಯಿತು. ಕೊನೆಯ ಆಟ ಕಡೂರಿನ ಮೇಲೆ ಸೋತೆವು. ಎಮ್ಮೆದೊಡ್ಡಿ ಐದನೆಯದು, ದೇವನೂರು ಆರನೆಯದು. ಹತ್ತು ಜನ ಬಂದು ಅಭಿನಂದಿಸುವಷ್ಟು ಸಡಗರ ಆ ಐದನೇ ಜಾಗಕ್ಕೆ. ನೀನು ಬರುವ ಹೊತ್ತಿಗೆ ಆಡಲು ಯಾವ ಪಂದ್ಯವೂ ಇಲ್ಲ ಎಂದು ಸಣ್ಣಬೀರಪ್ಪನವರಿಗೆ ಹೇಳಿದರೆ, “ಆಟಕ್ಕೇನು ತಾರೀಕು ಬೇಕಾ?” ಅಂದರು.

ಮೇ ಇಪ್ಪತ್ತೆರಡರ ಕಾಗದ ಹರಿಯಲಿಲ್ಲ. ಆ ದಿನ ನೀನು ಇದ್ದೆ ಎನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ.

ಅನುಪಮಾ


ರೈಲಿನಲ್ಲಿ, ದೆಹಲಿಯ ದಾರಿ
12 ಆಗಸ್ಟ್ 2025

ಅತ್ತಿಗೆ,

ರಜೆಯ ಇಪ್ಪತ್ತು ದಿನ ಎದುರಿಗೇ ಇದ್ದೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ಆ ಮಂಗಳವಾರ ಎಮ್ಮೆದೊಡ್ಡಿಯಲ್ಲಿ ಆಡಿ ವಾಪಸು ಬರುವಾಗ ಬಸ್ಸಿನಲ್ಲಿ ನೀವು “ಏಟಾಯ್ತಾ?” ಎಂದು ಕೇಳಿದಿರಿ. ಇಲ್ಲ ಅಂದೆ. ಮತ್ತೆ ಕೇಳಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕೂತಿರಿ. ನೀವು ಹೆಂಗಸರ ಜೊತೆ ದೂರದಲ್ಲಿದ್ದಿರಿ, ಅಲ್ಲಿಂದ ಏನು ಕಾಣಿಸಿತೋ ನನಗೆ ಗೊತ್ತಿಲ್ಲ. ಹತ್ತಿರದಿಂದ ಆದದ್ದು ಹೇಳುತ್ತೇನೆ.

ಜೂನ್ ಮೊದಲ ವಾರ ಮಳೆಗೆ ನಮ್ಮ ಬಂಕರಿನ ಒಂದು ಬದಿ ಕುಸಿಯಿತು. ಯುದ್ಧವೂ ಅಲ್ಲ, ಏನೂ ಅಲ್ಲ, ಬರೀ ಮಣ್ಣು. ಅರ್ಧ ಗಂಟೆ ಅದರ ಕೆಳಗಿದ್ದೆ. ಹೊರಗೆ ತೆಗೆದರು. ಮೈಗೆ ಏನೂ ಆಗಿರಲಿಲ್ಲ. ಆದರೆ ಆಮೇಲೆ ಮೈಮೇಲೆ ಯಾವ ಭಾರವೂ ತಡೆಯದಾಯಿತು. ಕಂಬಳಿ ಹೊದೆಯಲು ಆಗುತ್ತಿರಲಿಲ್ಲ. ಮನೆಗೆ ಬಂದಾಗ ಅವ್ವ ತಬ್ಬಿಕೊಂಡರೆ ಹಿಂದೆ ಸರಿದೆನಲ್ಲ, ಬೆವರಿದ್ದೇನೆ ಅಂದೆನಲ್ಲ, ಅದು ಅದಕ್ಕೇ.

ಎಮ್ಮೆದೊಡ್ಡಿಯಲ್ಲಿ ಅವರು ತಮ್ಮ ತಮ್ಮಲ್ಲೇ ಎರಡು ಪಾಲಾಗಿ ನನ್ನನ್ನು ರೈಡ್‌ಗೆ ಕಳಿಸಿದಾಗ ಬೇಡ ಎನ್ನಬೇಕು ಅಂದುಕೊಂಡೆ. ವರ್ಷದ ಸರದಿ ನನ್ನ ಮೇಲೆ ಹಾಕಿದವರು, ಹೇಗೆ ಬೇಡ ಅನ್ನಲಿ? ಹೋದೆ. ಯಾರನ್ನೂ ಮುಟ್ಟಲಾಗಲಿಲ್ಲ. ಅಂಜಿನಪ್ಪ ಕಾಲು ಹಿಡಿದರು, ಸಣ್ಣಬೀರಪ್ಪ ಸೊಂಟ, ಉಳಿದವರು ಮೇಲೆ ಬಿದ್ದರು. ಏಳು ಜನ. ಮುಖ ಮಣ್ಣಿಗೆ ಒತ್ತಿತು. ಈಗ ಉಸಿರು ಕಟ್ಟುತ್ತದೆ ಎಂದು ಕಾದೆ.

ಕಟ್ಟಲಿಲ್ಲ. ಬೆನ್ನ ಮೇಲಿದ್ದವರ ಎದೆ ಏರಿಳಿಯುವುದು ಗೊತ್ತಾಗುತ್ತಿತ್ತು. ಬೆವರು, ದನದ ವಾಸನೆ, ಯಾರದೋ ಗಡ್ಡ ಕುತ್ತಿಗೆಗೆ ಚುಚ್ಚುತ್ತಿತ್ತು. ಯಾರೋ ನಗುತ್ತಿದ್ದರು, ಆ ನಗು ನನ್ನ ಪಕ್ಕೆಲುಬಿಗೆ ತಾಕುತ್ತಿತ್ತು. ಆಟ ನಿಂತು ಅವರು ಏಳಲು ಹೊರಟಾಗ ನಾನೇ, “ಏಳಬೇಡಿ” ಅಂದೆ.

“ಯಾಕಲೇ, ಏಟಾಯ್ತಾ?” ಅಂದರು ಸಣ್ಣಬೀರಪ್ಪ.

“ಇಲ್ಲ. ಇನ್ನೊಂಚೂರು ಹಿಂಗೇ ಇರಿ.”

ಅವರು ಕಾರಣ ಕೇಳಲಿಲ್ಲ. “ಯಾರೂ ಏಳಬ್ಯಾಡ್ರಿ” ಎಂದು ಮೇಲಿದ್ದವರಿಗೆ ಹೇಳಿದರು. ಏಳೂ ಜನ ಹಾಗೇ ಇದ್ದರು.

ನಿಮ್ಮ,
ತೀರ್ಥೇಶ್